ತಂಗಳು, ಎಂಜಲು ಮತ್ತು ಮನೆಸಾಲದ ಕಂತು

*ದಿನದ ಧಮ್ಮ ಚಿಂತನೆ*

ಮನೆ ಕಟ್ಟಲು ಸಾಲ ತೆಗೆದವರು ನಮ್ಮ ಬಳಗದಲ್ಲಿ ಬಹಳ ಮಂದಿ ಇದ್ದೇವೆ. ಸಂಬಳ ಬಂದ ನಾಲ್ಕು ದಿನಕ್ಕೇ ಕಂತು ಹೋಗುತ್ತದೆ. ಉಳಿದದ್ದರಲ್ಲಿ ಮಕ್ಕಳ ಫೀಸು, ಊರಿನಲ್ಲಿರುವ ಅಪ್ಪ ಅವ್ವನ ಮಾತ್ರೆ, ಗ್ಯಾಸು, ಕರೆಂಟು, ದಿನಸಿ ಎಲ್ಲ ಆಗಬೇಕು. ಆಗ ಎಲ್ಲರ ಕಣ್ಣು ಅಡುಗೆಮನೆಯ ಮೇಲೆ ಬೀಳುತ್ತದೆ. ‘ರಾತ್ರಿ ಉಳಿದ ಅನ್ನ ಚೆಲ್ಲಬೇಡ, ಚಿತ್ರಾನ್ನ ಮಾಡು’ ಎಂಬ ಮಾತು ಬರುತ್ತದೆ. ಯಾವ ಮನೆಯಲ್ಲಾದರೂ ಇದು ಸಹಜವಾದ ಮಾತು. ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಎದುರುಮಾತೂ ಹುಟ್ಟುತ್ತದೆ: ‘ನಮ್ಮ ತಾತ ಮುತ್ತಾತಂದಿರು ತಂಗಳು ತಿಂದೇ ಹೋದರು. ನಾವೂ ಅದನ್ನೇ ತಿನ್ನಬೇಕೇ? ಮತ್ತೆ ಓದಿದ್ದು, ದುಡಿಯುವುದು ಯಾತಕ್ಕೆ?’

ಇಂದಿನ ಚಿಂತನೆ ಈ ಎದುರುಮಾತಿನ ಬಗ್ಗೆ. ಇದನ್ನು ದುಂದುಗಾರರ ಮಾತು ಎಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಒಂದು ದೊಡ್ಡ ಗಾಯವಿದೆ.

*ಗಾಯದ ಮಾತು*

ಹಬ್ಬದ ಮಾರನೆಯ ದಿನ ಊರೊಳಗಿನ ಮನೆಗಳ ಹಿತ್ತಲಲ್ಲಿ ಕಾದು ನಿಂತು, ಮೇಲಿನಿಂದ ಸುರಿದದ್ದನ್ನು ಸೆರಗಿನಲ್ಲೋ ಮಡಕೆಯಲ್ಲೋ ಹಿಡಿದು ತಂದ ಅಜ್ಜಿಯರ ಕಥೆ ನಮ್ಮ ಕೇರಿಗಳಲ್ಲಿ ಕೇಳದವರಿಲ್ಲ. ದುಡಿದದ್ದಕ್ಕೆ ಕೂಲಿ ಕೊಡುವ ಬದಲು ಮಿಕ್ಕಿದ್ದು ಕೊಟ್ಟು ಕಳಿಸುವುದೇ ವ್ಯವಸ್ಥೆಯಾಗಿತ್ತು.

1927ರ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ನಡೆದ ಪರಿಷತ್ತನ್ನು ನಾವು ಚವದಾರ್ ಕೆರೆಯ ನೀರಿಗಾಗಿ ನೆನೆಯುತ್ತೇವೆ. ಅದೇ ಪರಿಷತ್ತಿನಲ್ಲಿ ಬಾಬಾಸಾಹೇಬರು ಅನ್ನದ ಮಾತನ್ನೂ ಆಡಿದ್ದರು. ಸತ್ತ ದನದ ಮಾಂಸವನ್ನು ಬಿಡಬೇಕು, ಇನ್ನೊಬ್ಬರು ಎಸೆದ ತುಣುಕನ್ನು ತಿನ್ನುವುದನ್ನು ಬಿಡಬೇಕು ಎಂದು ಸೇರಿದ್ದ ಜನರನ್ನು ಕೇಳಿಕೊಂಡರು. ಹೊಟ್ಟೆಗೂ ಸ್ವಾಭಿಮಾನಕ್ಕೂ ಇರುವ ಸಂಬಂಧವನ್ನು ಅವರು ಅಷ್ಟು ನೇರವಾಗಿ ಹೇಳಿದರು.

ಆದ್ದರಿಂದ ನಮ್ಮ ಹಿರಿಯರಲ್ಲಿ ಯಾರಾದರೂ ‘ನನ್ನ ಮನೆಯಲ್ಲಿ ಬಿಸಿ ಅನ್ನವೇ ಆಗಬೇಕು, ತಟ್ಟೆ ತುಂಬ ಬಡಿಸಬೇಕು’ ಎಂದರೆ ಅದು ಬರೀ ನಾಲಿಗೆಯ ಚಪಲವಲ್ಲ. ತುಂಬಿದ ತಟ್ಟೆ ಅವರಿಗೆ ಒಂದು ಸಾಕ್ಷಿ. ಆ ಹಿತ್ತಲಿನಿಂದ ಹೊರಗೆ ಬಂದೆವು ಎನ್ನುವುದಕ್ಕೆ ಸಾಕ್ಷಿ.

ನಮಗೆ ಹೇಳುವ ಮಿತವ್ಯಯದ ಬುದ್ಧಿಮಾತುಗಳಲ್ಲೂ ಒಂದು ತೊಡಕಿದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತದೆ ಗಾದೆ. ಒಳ್ಳೆಯ ಗಾದೆಯೇ. ಆದರೆ ಹಾಸಿಗೆಯನ್ನು ಅಷ್ಟು ಗಿಡ್ಡವಾಗಿ ಕತ್ತರಿಸಿದವರು ಯಾರು ಎಂದು ಅದು ಕೇಳುವುದಿಲ್ಲ. ಬಡವನಿಗೆ ಸರಳತೆಯನ್ನು ಬೋಧಿಸುವುದು ಸುಲಭ. ಬಾಬಾಸಾಹೇಬರು ಈ ಮೋಸವನ್ನು ಕಂಡಿದ್ದರು. 1950ರಲ್ಲಿ ಮಹಾಬೋಧಿ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ, ಇಂದಿನ ಜಗತ್ತಿಗೆ ಬೇಕಾದ ಧರ್ಮ ಹೇಗಿರಬೇಕು ಎಂದು ಹೇಳುತ್ತಾ, ಅದು ಬಡತನವನ್ನು ಪವಿತ್ರವೆಂದು ಕೊಂಡಾಡುವಂಥದ್ದಾಗಿರಬಾರದು ಎಂಬುದನ್ನೂ ಒಂದು ಲಕ್ಷಣವಾಗಿ ಸೇರಿಸಿದರು. ಬುದ್ಧರ ಧಮ್ಮ ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ ಎಂಬುದು ಅವರ ವಾದವಾಗಿತ್ತು.

ಹಾಗಾದರೆ ಪ್ರಶ್ನೆ ಇದು: ಬಡತನವನ್ನು ಕೊಂಡಾಡದ ಧಮ್ಮದಲ್ಲಿ ಮಿತವ್ಯಯಕ್ಕೆ ಏನು ಸ್ಥಾನ?

*ಎರಡು ಪದ*

ಕನ್ನಡದಲ್ಲಿ ನಾವು ಆತುರದಲ್ಲಿ ಒಂದೇ ಎಂಬಂತೆ ಆಡುವ ಎರಡು ಪದಗಳಿವೆ: ತಂಗಳು, ಎಂಜಲು.

ತಂಗಳು ಎಂದರೆ ತಂಗಿದ್ದು, ಒಂದು ರಾತ್ರಿ ಉಳಿದದ್ದು. ಬಸ್ಸಿಗೆ ಕಾಯುವ ತಂಗುದಾಣದಲ್ಲಿ ಇರುವ ‘ತಂಗು’ ಅದರಲ್ಲೂ ಇದೆ. ಅದರಲ್ಲಿ ಅವಮಾನದ ಅರ್ಥವೇನೂ ಇಲ್ಲ, ಅದು ಹೇಳುವುದು ಹೊತ್ತನ್ನು ಮಾತ್ರ. ಎಂಜಲು ಎಂದರೆ ಇನ್ನೊಬ್ಬರ ಬಾಯಿ ತಾಗಿದ್ದು, ಅವರ ಎಲೆಯಲ್ಲಿ ಮಿಕ್ಕಿದ್ದು. ಇಲ್ಲಿ ಇಬ್ಬರು ಮನುಷ್ಯರಿದ್ದಾರೆ. ಒಬ್ಬ ಉಂಡು ಎದ್ದವನು, ಇನ್ನೊಬ್ಬ ಕಾದು ನಿಂತವನು.

ನಮ್ಮ ಹಿರಿಯರಿಗೆ ಹಿತ್ತಲಲ್ಲಿ ಸಿಕ್ಕಿದ್ದು ಕೆಲವೊಮ್ಮೆ ತಂಗಳು, ಕೆಲವೊಮ್ಮೆ ಎಂಜಲು. ಕೊಟ್ಟ ರೀತಿ ಮಾತ್ರ ಎರಡನ್ನೂ ಎಂಜಲಾಗಿಸಿತು. ಮಹಾಡಿನಲ್ಲಿ ಬಾಬಾಸಾಹೇಬರು ಬಿಡಿ ಎಂದದ್ದು ಆ ಎಂಜಲಿನ ಬಾಳನ್ನು. ನಮ್ಮ ದುಡಿಮೆಯಲ್ಲಿ ತಂದ ಅಕ್ಕಿಯನ್ನು ನಮ್ಮ ಒಲೆಯ ಮೇಲೆ ಬೇಯಿಸಿ, ಉಳಿದದ್ದನ್ನು ಬೆಳಿಗ್ಗೆ ನಾವೇ ಒಗ್ಗರಣೆ ಹಾಕಿಕೊಂಡು ಉಣ್ಣುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಇಲ್ಲಿ ಕೊಟ್ಟವರೂ ನಾವೇ, ಉಣ್ಣುವವರೂ ನಾವೇ.

ಇನ್ನೊಂದು ಜೋಡಿ ಪದವನ್ನೂ ನೋಡಿ: ಉಳಿಕೆ, ಉಳಿತಾಯ. ಎರಡರ ಬೇರೂ ‘ಉಳಿ’. ಬೆಳಿಗ್ಗೆ ಪಾತ್ರೆಯ ತಳದಲ್ಲಿ ಕಾಣುವುದು ಉಳಿಕೆ. ಅದನ್ನು ಏನು ಮಾಡಬೇಕು ಎಂದು ನಾವು ತೀರ್ಮಾನಿಸಿದಾಗ ಅದು ಉಳಿತಾಯ.

*ಸಾಲದ ಮಾತು*

ಅನ್ನದ ಹಾಗೆಯೇ ಸಾಲಕ್ಕೂ ನಮ್ಮಲ್ಲಿ ಒಂದು ಚರಿತ್ರೆಯಿದೆ. ಮದುವೆಗೋ ಕಾಯಿಲೆಗೋ ತಂದ ಸಣ್ಣ ಸಾಲಕ್ಕೆ ಮಗನನ್ನು ಜೀತಕ್ಕಿಟ್ಟ ಮನೆಗಳು ನಮ್ಮವು. ಆ ಸಾಲಕ್ಕೆ ಲೆಕ್ಕವಿರಲಿಲ್ಲ, ಕೊನೆಯ ದಿನವಿರಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಜೊತೆಗೆ ಅದಕ್ಕೆ ಕಾರಣವಾದ ಸಾಲವನ್ನೂ ರದ್ದು ಮಾಡಿತು. ಅದಕ್ಕೇ ಇಂದಿಗೂ ಕೆಲವು ಹಿರಿಯರಿಗೆ ‘ಸಾಲ’ ಎಂದರೆ ಎದೆ ನಡುಗುತ್ತದೆ.

ಮನೆಸಾಲ ಆ ಬಗೆಯದಲ್ಲ. ಅದಕ್ಕೆ ಕರಾರಿದೆ, ಬಡ್ಡಿಯ ದರವಿದೆ, ಮುಗಿಯುವ ದಿನವಿದೆ. ನಾವು ಅದನ್ನು ತೆಗೆದದ್ದಕ್ಕೆ ಕಾರಣವೂ ಗಟ್ಟಿಯಾದದ್ದು. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ, ಊರು ಕೇಳಿ, ಆಮೇಲೆ ‘ನೀವು ಯಾವ ಜನ?’ ಎಂದು ಕೇಳಿಸಿಕೊಂಡವರಿಗೆ ಸ್ವಂತ ಮನೆ ಎಂದರೆ ಏನೆಂದು ಗೊತ್ತು. ಆ ಪ್ರಶ್ನೆಗೆ ಮತ್ತೆಂದೂ ಉತ್ತರ ಕೊಡಬೇಕಿಲ್ಲ ಎಂಬ ನೆಮ್ಮದಿಗಾಗಿ ನಾವು ಕಂತು ಕಟ್ಟುತ್ತಿದ್ದೇವೆ. ಬಾಬಾಸಾಹೇಬರೂ 1930ರ ದಶಕದ ಆರಂಭದಲ್ಲಿ ದಾದರಿನಲ್ಲಿ ರಾಜಗೃಹ ಕಟ್ಟಿಸಿ, ತಮ್ಮ ಪುಸ್ತಕಗಳಿಗೆ ನೆಲೆ ಮಾಡಿದರು.

ಆದರೂ ಸಾಲ ಸಾಲವೇ. ಅನಾಥಪಿಂಡಿಕನಿಗೆ ತಥಾಗತರು ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ. ನ್ಯಾಯವಾಗಿ ದುಡಿದದ್ದು ತನ್ನಲ್ಲಿದೆ ಎಂಬ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಸುಖ, ತಪ್ಪಿಲ್ಲದ ನಡತೆಯ ಸುಖ. ಗಮನಿಸಿ, ಇರುವುದೂ ಬಳಸುವುದೂ ಈ ಪಟ್ಟಿಯಲ್ಲಿವೆ. ಉಣ್ಣಬೇಡಿ, ಉಡಬೇಡಿ ಎಂದು ಅವರು ಗೃಹಸ್ಥರಿಗೆ ಹೇಳಲಿಲ್ಲ. ಅದರ ಜೊತೆಗೆ ಸಾಲವಿಲ್ಲದಿರುವುದನ್ನೂ ಒಂದು ಸುಖವಾಗಿ ಎಣಿಸಿದರು.

ಈ ಮೂರನೆಯ ಸುಖ ಎಷ್ಟು ದೂರವಿದೆ ಎಂದು ಲೆಕ್ಕ ಹಾಕೋಣ. 20 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 3,189 ರೂಪಾಯಿ ಮಾತ್ರ. 20 ವರ್ಷ ಕಟ್ಟಿ ಮುಗಿಸುವಾಗ ಬಡ್ಡಿಯೇ ಇಪ್ಪತ್ತೊಂದೂವರೆ ಲಕ್ಷ ದಾಟಿರುತ್ತದೆ.

ಈಗ ಮೊದಲ ತಿಂಗಳಿನಿಂದಲೇ 1,000 ರೂಪಾಯಿ ಹೆಚ್ಚು ಕಟ್ಟುತ್ತಾ ಬಂದರೆ, ಬಡ್ಡಿಯ ದರ ಬದಲಾಗದಿದ್ದಲ್ಲಿ, ಸಾಲ ಸುಮಾರು 210 ತಿಂಗಳಿಗೆ ಮುಗಿಯುತ್ತದೆ. ಎಂದರೆ ಎರಡೂವರೆ ವರ್ಷ ಮೊದಲೇ. ಬಡ್ಡಿಯಲ್ಲಿ ಉಳಿಯುವುದು ಮೂರು ಲಕ್ಷಕ್ಕೂ ಹೆಚ್ಚು. ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸೂಚಿಸಿದೆ. ಹೆಚ್ಚು ಕಟ್ಟಿದ್ದನ್ನು ಅಸಲಿಗೆ ಜಮಾ ಮಾಡಿಸಿ, ಕಂತು ಇಳಿಸುವ ಬದಲು ಅವಧಿ ಇಳಿಸಿ ಎಂದು ಬ್ಯಾಂಕಿಗೆ ಬರೆದು ಕೊಡಬೇಕು, ಅಷ್ಟೆ.

1,000 ರೂಪಾಯಿ ಎಂದರೆ ದಿನಕ್ಕೆ ಸುಮಾರು 33 ರೂಪಾಯಿ. ಅತಿಯಾಗಿ ಹುಳಿ ಬಂದ ದೋಸೆ ಹಿಟ್ಟು, ಫ್ರಿಜ್ಜಿನ ತಳದಲ್ಲಿ ಕೊಳೆತ ಟೊಮೆಟೊ, ಮರೆತುಹೋದ ಮೊಸರು, ಯಾರೂ ಮುಟ್ಟದ ಪಲ್ಯ, ಇವನ್ನೆಲ್ಲ ಕೂಡಿಸಿ ನೋಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಇದರಲ್ಲಿ ಸೇರಿದೆ. ಅದನ್ನು ಕಳೆದರೂ ನಮ್ಮ ಕಸದ ಬುಟ್ಟಿಗೆ ಬೀಳುತ್ತಿರುವ ದುಡ್ಡು ಕಡಿಮೆಯೇನಲ್ಲ.

*ಅತ್ತಿ ಮರ ಅಲುಗಿಸುವವನು*

ಕೋಲಿಯರ ದೀಘಜಾಣು ಎಂಬ ಗೃಹಸ್ಥ ಒಮ್ಮೆ ಬುದ್ಧರ ಬಳಿ ಬಂದು, ನಾವು ಹೆಂಡತಿ ಮಕ್ಕಳೊಂದಿಗೆ ಬಾಳುವವರು, ನಮ್ಮಂಥವರಿಗೆ ಈ ಬದುಕಿನಲ್ಲೇ ಹಿತವಾಗುವುದನ್ನು ಹೇಳಿ ಎಂದು ಕೇಳಿದ. ಬುದ್ಧರು ಅವನಿಗೆ ನಾಲ್ಕು ವಿಷಯ ಹೇಳಿದರು: ಶ್ರಮದಿಂದ ದುಡಿಯುವುದು, ದುಡಿದದ್ದನ್ನು ಕಾಪಾಡಿಕೊಳ್ಳುವುದು, ಒಳ್ಳೆಯವರ ಒಡನಾಟ, ಮತ್ತು ಸಮಜೀವಿತಾ. ಈ ನಾಲ್ಕನೆಯದು ನಮ್ಮ ವಿಷಯ. ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ತಗ್ಗಿದೆ ಎಂದು ತಿಳಿಯುವ ಹಾಗೆ, ಗೃಹಸ್ಥನಿಗೆ ತನ್ನ ಆದಾಯ ಮತ್ತು ಖರ್ಚು ತಿಳಿದಿರಬೇಕು ಎಂದರು.

ತಪ್ಪುವ ದಾರಿಗಳು ಎರಡು ಎಂದೂ ಹೇಳಿದರು. ಒಬ್ಬ ಕಡಿಮೆ ಆದಾಯದಲ್ಲಿ ಅದ್ದೂರಿಯಾಗಿ ಬದುಕುತ್ತಾನೆ. ಅವನನ್ನು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದರು. ಹಿಡಿ ಹಣ್ಣಿಗಾಗಿ ಮರವನ್ನೇ ಅಲುಗಿಸಿ ರಾಶಿ ಉದುರಿಸುತ್ತಾನೆ, ತಿನ್ನುವುದು ಕೆಲವು, ನೆಲದಲ್ಲಿ ಕೊಳೆಯುವುದು ಹಲವು. ಇನ್ನೊಬ್ಬನಿಗೆ ಒಳ್ಳೆಯ ಆದಾಯವಿದೆ, ಆದರೂ ಹೊಟ್ಟೆಗೆ ತಿನ್ನದೆ ಬಾಳುತ್ತಾನೆ. ಅವನ ಸಾವು ಅನಾಥನ ಸಾವಾಗುತ್ತದೆ ಎಂದರು. ದುಂದೂ ಜಿಪುಣತನವೂ ಒಂದೇ ತಕ್ಕಡಿಯ ಎರಡು ಕಡೆ ವಾಲುವಿಕೆ. ನಮ್ಮ ಕಾಲದ ‘ಎರಡು ತಗೊಂಡರೆ ಒಂದು ಉಚಿತ’ ಎಂಬ ಬೋರ್ಡು ಆ ಅತ್ತಿ ಮರವೇ ಅಲ್ಲವೇ?

*ಮಿತವ್ಯಯದ ಭಾರ ಯಾರ ಮೇಲೆ?*

ಇಲ್ಲಿಯವರೆಗಿನದು ಲೆಕ್ಕದ ಮಾತು. ಧಮ್ಮದ ಮಾತು ಇನ್ನೂ ಮುಂದಿದೆ.

‘ಚೆಲ್ಲಬಾರದು’ ಎಂದು ಮನೆಯ ಯಜಮಾನ ಹೇಳುತ್ತಾನೆ. ಒಳ್ಳೆಯದು. ಆದರೆ ಉಳಿದದ್ದನ್ನು ಉಣ್ಣುವವರು ಯಾರು? ಬಹಳ ಮನೆಗಳಲ್ಲಿ ಅದು ಅವ್ವ, ಇಲ್ಲವೇ ಹೆಂಡತಿ. ಗಂಡನಿಗೆ ಮಕ್ಕಳಿಗೆ ಬಿಸಿ ಮುದ್ದೆ, ಅವಳಿಗೆ ನಿನ್ನೆಯದು. ಕೊನೆಯಲ್ಲಿ ಕೂತು ಪಾತ್ರೆ ಬಳಿದು ಉಣ್ಣುವವಳು ಅವಳೇ. ಆ ಮನೆಯಲ್ಲಿ ಅನ್ನ ವ್ಯರ್ಥವಾಗಿಲ್ಲ, ನಿಜ. ಆದರೆ ಒಬ್ಬ ಮನುಷ್ಯಳನ್ನು ಕಸದ ಬುಟ್ಟಿಯ ಜಾಗದಲ್ಲಿ ಇಟ್ಟು ಉಳಿಸಿದ ಅನ್ನ ಅದು. ಸಮತೆಯನ್ನು ನಂಬಿದವರ ಮನೆಯಲ್ಲಿ ಇದು ನಡೆಯಬಾರದು. ತಂಗಳಿದ್ದರೆ ಎಲ್ಲರ ತಟ್ಟೆಗೂ ಒಂದೊಂದು ತುತ್ತು ಬರಲಿ, ಯಜಮಾನನ ತಟ್ಟೆಗೆ ಮೊದಲು ಬರಲಿ.

ಇನ್ನೊಂದು ಕಷ್ಟದ ಪ್ರಶ್ನೆ. ಈಗ ನಮ್ಮಲ್ಲಿ ಕೆಲವರ ಮನೆಗೂ ಕಸಮುಸುರೆಗೆ ಹೆಣ್ಣುಮಕ್ಕಳು ಬರುತ್ತಾರೆ. ಮೂರು ದಿನ ಫ್ರಿಜ್ಜಿನಲ್ಲಿದ್ದ ಸಾರನ್ನು, ನಾವು ಉಣ್ಣಲು ಒಲ್ಲದ್ದನ್ನು, ‘ಚೆಲ್ಲುವ ಬದಲು ಅವಳಿಗಾದರೂ ಕೊಡೋಣ’ ಎನ್ನುತ್ತೇವೆ. ಅದನ್ನು ದಾನ ಎಂದೂ ಕರೆಯುತ್ತೇವೆ. ಮಹಾಡಿನ ಮಾತನ್ನು ಕೇಳಿದ ಜನ ನಾವು. ಆ ಹಿತ್ತಲ ಬಾಗಿಲು ಈಗ ನಮ್ಮ ಮನೆಯಲ್ಲೇ ತೆರೆಯಿತಲ್ಲ!

ಉಳಿದದ್ದನ್ನು ಕೊಡಲೇಬಾರದೇ? ಕೊಡಬಹುದು. ಹೇಗೆ ಎನ್ನುವುದಕ್ಕೆ ಧಮ್ಮಪದದ ಅಟ್ಠಕಥೆಯಲ್ಲಿ ಒಂದು ಪ್ರಸಂಗವಿದೆ. ಬುದ್ಧರು ಆಳವಿ ಎಂಬ ಊರಿಗೆ ಬಂದಿದ್ದರು. ಬಡ ರೈತನೊಬ್ಬ ಅವರ ಮಾತು ಕೇಳಬೇಕೆಂದು ಹೊರಟವನು, ಎತ್ತು ತಪ್ಪಿಸಿಕೊಂಡದ್ದರಿಂದ ಅದನ್ನು ಹುಡುಕಿ ಸೇರಿಸಿ, ಹಸಿದು ಬಸವಳಿದು ತಡವಾಗಿ ಬಂದ. ಸಂಘದ ಊಟ ಆಗಿತ್ತು. ಬುದ್ಧರು ಉಪದೇಶ ಆರಂಭಿಸದೆ ಅವನಿಗಾಗಿ ಕಾದಿದ್ದರು. ಊಟ ಉಳಿದಿದೆಯೇ ಎಂದು ವಿಚಾರಿಸಿ, ಅವನನ್ನು ಕೂರಿಸಿ ಬಡಿಸುವಂತೆ ಹೇಳಿದರು. ಅವನ ಹೊಟ್ಟೆ ತುಂಬಿದ ಮೇಲೆಯೇ ಧಮ್ಮ ಹೇಳಿದರು.

ಅವನಿಗೆ ಬಡಿಸಿದ್ದೂ ಉಳಿದದ್ದೇ. ಆದರೆ ಸಂಘ ಉಂಡ ಊಟವನ್ನೇ ಅವನಿಗೂ ಬಡಿಸಿದರು, ಕೂರಿಸಿ ಬಡಿಸಿದರು, ಅವನಿಗಾಗಿ ಗುರುವೇ ಕಾದರು. ಆದ್ದರಿಂದ ಅದು ಎಂಜಲಾಗಲಿಲ್ಲ. ನಮಗೂ ಅಳತೆ ಇದೇ: ನಾವು ಈಗ ಉಣ್ಣುವಂಥದ್ದಾದರೆ ಕೊಡೋಣ, ಅದೂ ಅದೇ ದಿನ, ನಾವು ಉಣ್ಣುವ ಹೊತ್ತಿಗೆ, ನಾವು ಉಣ್ಣುವ ತಟ್ಟೆಯಲ್ಲಿ, ಬೇಕೇ ಎಂದು ಕೇಳಿ. ಬೇಡ ಎನ್ನುವ ಹಕ್ಕು ಅವರಿಗಿರಬೇಕು. ಕೊಟ್ಟ ಊಟವನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬಾರದು.

*ಸಮಾರಂಭದ ಎಲೆ*

ಗೃಹಪ್ರವೇಶ, ಮದುವೆ, ಏಪ್ರಿಲ್ 14ರ ಜಯಂತಿ, ಬುದ್ಧ ಪೂರ್ಣಿಮೆ ಬಂದಾಗ ‘ಇವರ ಮನೆಯಲ್ಲಿ ಊಟ ಸಾಲಲಿಲ್ಲ’ ಎನ್ನಿಸಿಕೊಳ್ಳುವ ಭಯ ನಮಗೆ ಹೆಚ್ಚು. ಹಸಿವನ್ನು ಕಂಡ ಜನಕ್ಕೆ ಆ ಭಯ ಸಹಜ. ಬಂದವರ ಹೊಟ್ಟೆ ತುಂಬಲಿ, ಅದರಲ್ಲಿ ಕೈ ಹಿಡಿಯುವುದು ಬೇಡ. ಆದರೆ ಹೊಟ್ಟೆ ತುಂಬಿಸುವುದು ಬೇರೆ, ಎಲೆ ತುಂಬಿಸುವುದು ಬೇರೆ. ನಮ್ಮ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊದಲು ಅರ್ಧ ಸೌಟು ಬಡಿಸಿ, ‘ಇನ್ನೂ ಬೇಕಾದವರು ಕೈ ಎತ್ತಿ’ ಎನ್ನುತ್ತೇವೆ. ಯಾವ ಮಗುವೂ ಹಸಿದು ಏಳುವುದಿಲ್ಲ, ತಟ್ಟೆಯಲ್ಲೂ ಹೆಚ್ಚು ಉಳಿಯುವುದಿಲ್ಲ. ನಾಚಿಕೆಯ ಮಗು ಕೈ ಎತ್ತುವುದಿಲ್ಲ, ಅದರ ಬಳಿಗೆ ನಾವೇ ಹೋಗಿ ಕೇಳಬೇಕು. ಸಮಾರಂಭದಲ್ಲೂ ಬಡಿಸುವವರು ಎರಡನೆಯ ಸಲ, ಮೂರನೆಯ ಸಲ ಹೋಗಲಿ. ಗೌರವ ಇರುವುದು ಆ ಕೇಳುವುದರಲ್ಲಿ.

*ಮಾಡಬಹುದಾದದ್ದು*

ನಮ್ಮ ಅವ್ವಂದಿರ ಅಡುಗೆಯಲ್ಲೇ ದಾರಿಯಿದೆ. ಬಸ್ಸಾರನ್ನು ನೋಡಿ. ಸೊಪ್ಪು ಕಾಳು ಬೇಯಿಸಿದ ನೀರನ್ನು ಬಸಿದು ಸಾರು ಮಾಡಿದರು, ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದರು. ಒಂದು ಹನಿ ಹೊರಗೆ ಹೋಗಲಿಲ್ಲ. ಹೀರೇಕಾಯಿ ಸಿಪ್ಪೆ ಚಟ್ನಿಯಾಯಿತು, ಹಲಸಿನ ಬೀಜ ಸಾರಾಯಿತು. ಇವು ಕೊರತೆಯಲ್ಲಿ ಹುಟ್ಟಿದ ಅಡುಗೆಗಳೇ ಇರಬಹುದು, ಆದರೆ ಬುದ್ಧಿವಂತರ ಅಡುಗೆಗಳು. ಕೊರತೆ ಹೋದ ಮೇಲೂ ಬುದ್ಧಿಯನ್ನು ಇಟ್ಟುಕೊಳ್ಳಬಹುದು.

ಸಂತೆಗೆ ಹೋಗುವ ಹಿಂದಿನ ದಿನ ಹೊಸದೇನೂ ತರದೆ, ಮನೆಯಲ್ಲಿರುವ ತರಕಾರಿಯಲ್ಲೇ ಅಡುಗೆ ಮಾಡೋಣ. ಅಕ್ಕಿಯನ್ನು ಕಣ್ಣಳತೆಯಲ್ಲಿ ಸುರಿಯದೆ ಪಾವಿನಲ್ಲಿ ಅಳೆಯೋಣ. ಮೊದಲು ತಂದದ್ದನ್ನು ಮೊದಲು ಬಳಸೋಣ. ಚೆಲ್ಲಿದ್ದನ್ನು ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡೋಣ. ಯಾರನ್ನೂ ಬೈಯುವುದಕ್ಕಲ್ಲ, ತಕ್ಕಡಿ ಎತ್ತ ವಾಲಿದೆ ಎಂದು ಕಾಣುವುದಕ್ಕೆ.

ಒಂದು ಎಚ್ಚರಿಕೆ. ಹಳಸಿದ್ದನ್ನು ಮಿತವ್ಯಯದ ಹೆಸರಿನಲ್ಲಿ ಉಣ್ಣಬಾರದು. ಬೇಯಿಸಿದ ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಅದರಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ, ಮಾರನೆಯ ದಿನವೇ ಮುಗಿಸಿ. ಅನುಮಾನ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಧಮ್ಮ ವಿವೇಕಕ್ಕೆ ವಿರುದ್ಧವಾಗಿ ಏನನ್ನೂ ಕೇಳುವುದಿಲ್ಲ.

ಇನ್ನೊಂದು ಮಾತು. ಉಳಿಸಿದ್ದೆಲ್ಲವನ್ನೂ ಸಾಲಕ್ಕೇ ಸುರಿಯಬೇಡಿ. ಸಿಗಾಲನಿಗೆ ಬುದ್ಧರು ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದಾಗ, ಒಂದು ಪಾಲನ್ನು ಅನುಭವಿಸಲು, ಎರಡನ್ನು ಉದ್ಯೋಗಕ್ಕೆ, ಒಂದನ್ನು ಆಪತ್ತಿಗೆ ಎಂದರು. ಆಸ್ಪತ್ರೆಯ ಖರ್ಚಿಗೆ ಕೈಸಾಲ ಮಾಡುವ ಹಾಗಾದರೆ ಮನೆಸಾಲ ಬೇಗ ತೀರಿಸಿ ಫಲವಿಲ್ಲ. ಮಕ್ಕಳ ಪುಸ್ತಕ, ಹಾಲು, ಮೊಟ್ಟೆ, ಹಣ್ಣಿನಲ್ಲಿ ಉಳಿಸುವುದು ಉಳಿತಾಯವೇ ಅಲ್ಲ.

ಹಾಗಾದರೆ ‘ನಾವೂ ತಂಗಳು ತಿನ್ನಬೇಕೇ?’ ಎಂದು ಕೇಳಿದವರಿಗೆ ಏನು ಹೇಳೋಣ? ಯಾರೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ, ಆ ಕಾಲ ಮುಗಿಯಿತು. ನಿಮ್ಮ ಮುಂದಿರುವುದು ನಿಮ್ಮ ಬೆವರಿನ ಅನ್ನ. ಅದನ್ನು ಚೆಲ್ಲುವುದರಿಂದ ನಮ್ಮ ಅಜ್ಜಿಯರಿಗೆ ಆದ ಅವಮಾನ ತೊಳೆದುಹೋಗುವುದಿಲ್ಲ. ಮನೆಯವರೆಲ್ಲ ಒಟ್ಟಿಗೆ ಕೂತು, ಸಮನಾಗಿ ಹಂಚಿಕೊಂಡು ಉಂಡರೆ ಆ ಅನ್ನಕ್ಕೆ ಗೌರವ, ಅದನ್ನು ಬೆಳೆದ ಕೂಲಿಯವರ ಕೈಗೂ ಗೌರವ. ಆ ಕೈಗಳಲ್ಲಿ ಹೆಚ್ಚಿನವು ಇಂದಿಗೂ ನಮ್ಮ ಕೇರಿಯವೇ.

*ಇಂದಿನ ಅಭ್ಯಾಸ:* ಇಂದು ರಾತ್ರಿ ಊಟಕ್ಕೆ ಮೊದಲು ಮನೆಯಲ್ಲಿ ಏನೇನು ಉಳಿದಿದೆ ಎಂದು ಎಲ್ಲರೂ ಸೇರಿ ನೋಡಿ. ಅದನ್ನು ಉಣ್ಣುವವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ದಿನವೂ ಒಬ್ಬರ ಹೆಸರೇ ಆಗಿದ್ದರೆ, ಅವರ ಪಕ್ಕದಲ್ಲಿ ಕೂತು ಹಂಚಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.